ವಿನಯವಂತನ ಕುತ್ತಿಗೆ

ಇಡೀ ಜೋಗುಪಾಳ್ಯದಲ್ಲಿ ನನ್ನ ಮೈದುನನಷ್ಟು ವಿನಯವಂತ ಇನ್ನೊಬ್ಬನಿಲ್ಲ. ಹಾಲಿನವನ ಮುಂದೆಯೂ ತಲೆ ಬಾಗಿಸಿಯೇ ನಿಲ್ಲುತ್ತಾನೆ! ಜನ ಸಂಸ್ಕಾರ ಅಂದುಕೊಂಡಿದ್ದಾರೆ. ಸಂಸ್ಕಾರವೂ ಅಲ್ಲ, ಗಿಂಸ್ಕಾರವೂ ಅಲ್ಲ. ಅವನು ಹಲ್ಲಿನ ಡಾಕ್ಟರು. ಹದಿನೈದು ವರ್ಷ ಕಂಡವರ ಬಾಯೊಳಗೆ ಬಗ್ಗಿ ಬಗ್ಗಿ ಕುತ್ತಿಗೆ ಹಾಗೇ ನಿಂತುಬಿಟ್ಟಿದೆ.

ಮಿಕ್ಕ ವಿಷಯದಲ್ಲಿ ಮಹಾ ಎಚ್ಚರಿಕೆಯವನು. ಚುಚ್ಚಿದ ಸೂಜಿಗೆ ಎರಡು ಕೈಯಿಂದ ಮುಚ್ಚಳ ಹಾಕಬಾರದು ಅನ್ನೋದು ಅವನ ಕಸುಬಿನ ನಿಯಮ. ಆ ಅಭ್ಯಾಸಕ್ಕೆ ಬ್ಯಾಂಕಿನಲ್ಲಿ ಪೆನ್ನಿಗೂ ಒಂದೇ ಕೈ. ಕ್ಯಾಪನ್ನು ಮೇಜಿನ ಮೇಲೆ ಮಲಗಿಸಿ, ಪೆನ್ನಿನ ತುದಿಯಿಂದ ಮೀನು ಹಿಡಿದ ಹಾಗೆ ಎತ್ತುತ್ತಾನೆ. ಹಿಂದಿನವರು ಕ್ಯೂ ಮರೆತು ನೋಡುತ್ತಾರೆ!

ಇಂಥವನು ರೋಗಿಯನ್ನು ಮಲಗಿಸಿ, ತಾನು ನೆಟ್ಟಗೆ ಕೂತು ಕೆಲಸ ಮಾಡಬಾರದೆ? ಮಲಗೋರು ಯಾರು! ಕುರ್ಚಿ ಹಿಂದಕ್ಕೆ ಬಾಗಿಸಿದರೆ ತಲೆ ನೇರ ಉತ್ತರಕ್ಕೆ. ಅಜ್ಜಿಯರು ತಟ್ಟನೆ ಎದ್ದು ಕೂರುತ್ತಾರೆ: "ಹಲ್ಲು ಕೀಳಿಸೋಕೆ ಬಂದಿದೀನಪ್ಪಾ, ಹೋಗೋಕಲ್ಲ." ಆಯ್ತು, ಕೂತೇ ಇರಿ ಅಂತ ಇವನು ಬಗ್ಗುತ್ತಾನೆ.

ನಾನು ಸುಮ್ಮನಿರೋಳಾ? ಕಮ್ಮನಹಳ್ಳಿಯಲ್ಲಿ ಒಂಟಿಯಾಗಿ ಪಾತ್ರೆ ಅಂಗಡಿ ಕಟ್ಟಿದವಳು. ಸಲಹೆ ಮಾತ್ರ ಪುಕ್ಕಟೆ ಕೊಡುತ್ತೇನೆ. ದಿಂಬು ಬದಲಿಸು ಅಂದೆ, ಎಣ್ಣೆ ಹಚ್ಚು ಅಂದೆ. ಶಿವಾಜಿನಗರದಲ್ಲಿ ಚೌಕಾಸಿ ಮಾಡಿ ಎತ್ತರದ ಸ್ಟೂಲೂ ತಂದುಕೊಟ್ಟೆ. ಅದರ ಮೇಲೆ ಅವನ ಕೋಟು ಕೂತಿತು.

ಹೋದ ತಿಂಗಳು ಅವನ ಬಲಗೈ ಬೆರಳು ಜೋಮು ಹಿಡಿಯಿತು. ಕುತ್ತಿಗೆಯಲ್ಲಿ ನರ ಒತ್ತಿದೆ, ಹೀಗೇ ಬಗ್ಗಿದರೆ ಕಸುಬು ಬಿಡಬೇಕಾಗುತ್ತೆ ಅಂದರು ಮೂಳೆ ಡಾಕ್ಟರು. ನನಗೆ ರೇಗಿತು.

"ಕುರ್ಚಿ ತಿರುಗಿಸೋಕೆ ಏನೋ ಧಾಡಿ? ಉತ್ತರಕ್ಕೆ ಇಡಿಸಿದ ಪುಣ್ಯಾತ್ಮ ಯಾರು?"

ಅವನು ನೆಲ ನೋಡಿಕೊಂಡೇ (ಇನ್ನೆಲ್ಲಿ ನೋಡಿಯಾನು!) ಹೇಳಿದ: "ನೀವೇ ಅತ್ತಿಗೆ. ನೀರಿನ ಪೈಪು ಉಳಿಯುತ್ತೆ ಅಂತ ಪ್ಲಂಬರ್ ಹತ್ರ ವಾದ ಮಾಡಿ ಈ ಕಡೆ ಕೂರಿಸಿದ್ರಿ."

ಹದಿನೈದು ವರ್ಷ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಜನ ಹೇಳಿದ್ದೇ ಸರಿ. ವಿನಯವೇ ಅದು.

ಅವನನ್ನು ಒಂದು ವಾರ ಮನೆಯಲ್ಲಿ ಕೂರಿಸಿ ಪ್ಲಂಬರ್ ಕರೆಸಿದೆ. ಜೀವನದಲ್ಲಿ ಮೊದಲ ಸಲ, ಹೇಳಿದ ರೇಟಿಗೆ ತಲೆಯಾಡಿಸಿದೆ. ತಲೆ ಪೂರ್ವಕ್ಕೆ ಬರೋ ಹಾಗೆ ತಿರುಗಿದ ಕುರ್ಚಿಯಲ್ಲಿ, ಹಲ್ಲು ಕ್ಲೀನ್ ಮಾಡಿಸೋ ನೆಪದಲ್ಲಿ, ಮೊದಲು ಮಲಗಿದವಳೂ ನಾನೇ. ಅವನು ಕೋಟು ತೆಗೆದಿಟ್ಟು ಸ್ಟೂಲಿನ ಮೇಲೆ ಕೂತ.

ನೋವಾದರೆ ಎಡಗೈ ಎತ್ತಬೇಕು ಅನ್ನೋದು ಅವನ ಕಟ್ಟಳೆ. ಸ್ವಲ್ಪ ಹೊತ್ತಿಗೆ ಎತ್ತಿದೆ. ಮೆಷಿನ್ ನಿಂತಿತು.

"ನೋವಾಯ್ತಾ ಅತ್ತಿಗೆ?"

"ನನಗಲ್ಲ ಕಣೋ. ನಿನಗೆ?"