ಒಂದು ದೋಸೆ, ಎರಡು ತಟ್ಟೆ

ಜಿಪುಣರನ್ನು ಕಟ್ಟಿಕೊಂಡವರ ಮನೆಯಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ. ನಗುವವರು ಮಾತ್ರ ಯಾವಾಗಲೂ ಬೇರೆಯವರು. ನನಗಂತೂ ಇವತ್ತು ನೆನೆದರೂ ಮೈ ಉರಿಯುತ್ತದೆ.

ಐವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಮೈಸೂರಿನಿಂದ ಮದರಾಸಿನ ತಿರುವಲ್ಲಿಕ್ಕೇಣಿಗೆ ಬಂದೆ. ನಮ್ಮ ಯಜಮಾನರು ಒಂದು ಕಂಪನಿಯಲ್ಲಿ ಗುಮಾಸ್ತರು. ಸಂಬಳಕ್ಕೇನೂ ಕೊರತೆಯಿರಲಿಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ಇದ್ದ ಒಂದೇ ಚಟ ಉಳಿತಾಯ. ನಾನು ಸೀರೆ ಕೇಳಲಿಲ್ಲ, ಬಳೆ ಕೇಳಲಿಲ್ಲ. ಹೋಟೆಲಿನಲ್ಲಿ ಕೂತು, ನನ್ನದೇ ತಟ್ಟೆಯಲ್ಲಿ, ಒಂದು ಇಡೀ ಮಸಾಲೆ ದೋಸೆ ತಿನ್ನಬೇಕು ಅಂತ ಕೇಳಿದೆ. ಅದಕ್ಕೆ ನಾಲ್ಕು ವರ್ಷ ಹಿಡಿಯಿತು!

ಕೊಸರು

ಕೊಸರು ಎಂಬ ಮಾತು ಕನ್ನಡದಲ್ಲೂ ಇದೆ, ತಮಿಳಿನಲ್ಲೂ ಇದೆ. ಹಾಗಾಗಿ ನಮ್ಮವರಿಗೆ ಎರಡು ಭಾಷೆಯಲ್ಲೂ ಅದನ್ನು ಕೇಳುವ ಹಕ್ಕಿತ್ತು.

ಬೀದಿ ತುದಿಯಲ್ಲಿ ಒಬ್ಬಳು ತರಕಾರಿಯವಳು ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಇವರು ದಿನಾ ಸಂಜೆ ಒಂದೇ ಒಂದು ನಿಂಬೆಹಣ್ಣು ಕೊಳ್ಳುವರು. ಕೊಸರಿಗೆ ಕರಿಬೇವು, ಕೊತ್ತಂಬರಿ, ಎರಡು ಹಸಿಮೆಣಸಿನಕಾಯಿ, ಒಂದು ಚೂರು ಶುಂಠಿ. ಪಕ್ಕದಲ್ಲಿ ನಿಂತ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಒಂದು ದಿನ ಅವಳಿಗೂ ರೇಗಿತು.

“ಸಾಮಿ, ನಾಳೆಯಿಂದ ನೀವು ಕೊಸರನ್ನ ಕಾಸು ಕೊಟ್ಟು ತಗೊಳ್ಳಿ. ನಿಂಬೆಹಣ್ಣು ನಾನು ಸುಮ್ಮನೆ ಕೊಡ್ತೀನಿ.”

ಬೇರೆಯವರಾಗಿದ್ದರೆ ನಾಚಿಕೊಂಡು ಬೀದಿ ಬದಲಾಯಿಸುತ್ತಿದ್ದರು. ಇವರು ಮರುದಿನ ಚೀಲ ತಂದು ನನ್ನ ಕೈಗಿಟ್ಟು, “ಬರೀ ನಿಂಬೆಹಣ್ಣು ತಗೊಂಡು ಬಾ. ಸುಮ್ಮನೆ ಕೊಡ್ತೀನಿ ಅಂದಿದಾಳೆ!” ಅಂದರು.

ಐದು ಬಟ್ಟಲಿನ ಕ್ಯಾರಿಯರ್

ಒಂದು ಭಾನುವಾರ ಬೆಳಿಗ್ಗೆಯೇ ಅಪ್ಪಣೆಯಾಯಿತು: “ಇವತ್ತು ಒಲೆ ಹಚ್ಚಬೇಡ. ಹೋಟೆಲ್ ಊಟ.” ನಾನು ಸಂಭ್ರಮದಿಂದ ಜಡೆ ಹೆಣೆದು, ಹೂ ಮುಡಿದು ಬರುವಷ್ಟರಲ್ಲಿ ಇವರು ಮನೆ ಓನರ್ ಮಾಮಿಯ ಐದು ಬಟ್ಟಲಿನ ಕ್ಯಾರಿಯರ್ ಹಿಡಿದುಕೊಂಡು ಮೆಸ್ಸಿಗೆ ಹೊರಟಿದ್ದರು. ಅಲ್ಲಿ ಮನೆಗೆ ಕೊಂಡೊಯ್ಯುವ ಊಟಕ್ಕೆ ಎಡುಪ್ಪು ಸಾಪ್ಪಾಡು ಅನ್ನುತ್ತಾರೆ. ಒಬ್ಬರ ಊಟ ತೆಗೆದುಕೊಂಡರೆ ಇಬ್ಬರಿಗಾಗುವಷ್ಟು ಹಾಕುತ್ತಾರೆ ಅಂತ ಆಫೀಸಿನಲ್ಲಿ ಯಾರೋ ಪುಣ್ಯಾತ್ಮ ಹೇಳಿದ್ದನಂತೆ.

ಕ್ಯಾರಿಯರ್ ನೋಡಿ ಮೆಸ್ಸಿನ ಯಜಮಾನ ಕೇಳಿದನಂತೆ: “ಸಾರ್, ಒಬ್ಬರ ಊಟಕ್ಕಾ, ಮದುವೆಗಾ?”

“ಒಬ್ಬರದೇ. ಆದರೆ ಒಂದು ಬಟ್ಟಲೂ ಖಾಲಿ ಬಿಡಬೇಡಿ.”

ಅವನು ಹೇಳಿದಂತೆಯೇ ಮಾಡಿದ್ದ. ಹಸಿದುಕೊಂಡು ಬಿಚ್ಚಿದೆ. ಒಂದರಲ್ಲಿ ಅನ್ನ, ಉಳಿದ ನಾಲ್ಕರಲ್ಲೂ ರಸಂ!

“ಎಷ್ಟು ಧಾರಾಳಿ ನೋಡು,” ಅಂದರು. ಆ ಧಾರಾಳವನ್ನು ಮೂರು ದಿನ ಕಾಯಿಸಿ ಕಾಯಿಸಿ ಕುಡಿದೆವು. ನೆಗಡಿಯೇ ಇಲ್ಲದವರಿಗೂ ನೆಗಡಿ ವಾಸಿಯಾಯಿತು.

ಪೋದುಂ

ಮದರಾಸಿನಲ್ಲಿ ನಾನು ಕಲಿತ ಮೊದಲ ತಮಿಳು ಮಾತು ‘ಪೋದುಂ’. ಸಾಕು ಅಂತ ಅರ್ಥ. ನಾನು ಹೇಳಿ ಕಲಿತದ್ದಲ್ಲ, ನನ್ನ ಪರವಾಗಿ ಇವರು ಹೇಳಿದ್ದನ್ನು ಕೇಳಿ ಕೇಳಿ ಕಲಿತದ್ದು.

ವರ್ಷಕ್ಕೊಮ್ಮೆ ಹೋಟೆಲಿಗೆ ಹೋದರೆ, “ಒಂದು ಮಸಾಲೆ, ಎರಡು ಪ್ಲೇಟ್!” ದೋಸೆಯನ್ನು ಮುರಿಯುವರು. ಪಲ್ಯವಿದ್ದ ಹೊಟ್ಟೆ ಅವರಿಗೆ, ಒಣಗಿದ ಅಂಚು ನನಗೆ. ಸರ್ವರ್ ನನ್ನ ಕಡೆ ನೋಡಿದರೆ ಸಾಕು, “ಅವಳಿಗೆ ಪೋದುಂ” ಅನ್ನುವರು. ಸಾಂಬಾರಿಗೆ ಮಾತ್ರ ಪೋದುಂ ಇರಲಿಲ್ಲ, ಅದು ಬಿಟ್ಟಿ. ಒಂದು ವರ್ಷ ಕೂತಲ್ಲೇ ಐದನೆಯ ಸಲ ಸಾಂಬಾರ್ ಕೇಳಿದಾಗ ಸರ್ವರ್ ಬಕೆಟ್ಟನ್ನೇ ತಂದು ಮೇಜಿನ ಮೇಲೆ ಕುಕ್ಕಿದ.

“ಇಲ್ಲೇ ಇಟ್ಟಿರ್ತೀನಿ ಸಾರ್. ಸ್ನಾನ ಮಾಡೋದಾದ್ರೆ ಸೋಪು ನೀವೇ ತರಬೇಕು.”

ಹೋಟೆಲೆಲ್ಲ ನಕ್ಕಿತು. ನಾನು ಆ ಅಂಚನ್ನೂ ಬಿಟ್ಟು ಎದ್ದೆ. ಇವರು ಅದನ್ನೂ ತಿಂದು ಬಂದರು.

ಏಕಾದಶಿ

ಮದುವೆಯಾಗಿ ನಾಲ್ಕು ವರ್ಷ ತುಂಬಿದ ದಿನ ಜಗಳವಾಡಿ, ಎರಡು ಊಟ ಬಿಟ್ಟು, ಅತ್ತು, ಕೊನೆಗೂ ಒಪ್ಪಿಸಿದೆ. ನನಗೊಂದು ಇಡೀ ದೋಸೆ. ಹೋಟೆಲಿನ ಬಾಗಿಲವರೆಗೂ ಸುಮ್ಮನೆ ಬಂದವರು ಮೆಟ್ಟಿಲ ಮೇಲೆ ನಿಂತು ಹಣೆ ಚಚ್ಚಿಕೊಂಡರು.

“ಅಯ್ಯಯ್ಯೋ! ಇವತ್ತು ಏಕಾದಶಿ ಕಣೇ! ಮರೆತೇಬಿಟ್ಟಿದ್ದೆ.”

ನನ್ನ ಪಿತ್ತ ನೆತ್ತಿಗೇರಿತು. ಹಿಂದಿನ ಏಕಾದಶಿ ದಿನ ನನ್ನ ಕೈಲಿ ಬಿಸಿಬೇಳೆಬಾತ್ ಮಾಡಿಸಿಕೊಂಡು ಎರಡು ಸಲ ಬಡಿಸಿಕೊಂಡ ಮನುಷ್ಯನಿಗೆ ಹೋಟೆಲಿನ ಬಾಗಿಲಲ್ಲಿ ಭಕ್ತಿ ಬಂದಿತ್ತು!

“ಏಕಾದಶಿ ನಿಮಗೆ. ನನಗಿಲ್ಲ,” ಅಂದೆ.

“ನಿನಗ್ಯಾಕಿಲ್ಲ?”

“ಬಸುರಿಯರಿಗೆ ಉಪವಾಸ ಇಲ್ಲ. ನಿನ್ನೆ ಡಾಕ್ಟರಮ್ಮ ಹೇಳಿದ್ರು.”

ನಾನು ಒಳಗೆ ಹೋಗಿ ಕೂತೆ. ಇವರೂ ಬಂದು ಎದುರಿಗೆ ಕೂತರು. ಸರ್ವರ್ ಬಂದ.

“ಒಂದು ಮಸಾಲೆ, ಒಂದೇ ಪ್ಲೇಟ್. ಇವರಿಗೆ ಉಪವಾಸ, ನೀರು ಕೊಡಿ.”

ದೋಸೆ ಬಂತು. ತಟ್ಟೆಯ ಆಚೆಗೂ ಈಚೆಗೂ ಚಾಚಿಕೊಂಡು, ತುಪ್ಪದಲ್ಲಿ ಕೆಂಪಗೆ ಬೆಂದಿತ್ತು. ಇವರು ನನ್ನ ಮುಖ ನೋಡಿದರು, ಹೊಟ್ಟೆ ನೋಡಿದರು, ದೋಸೆ ನೋಡಿದರು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಇಷ್ಟು ವರ್ಷಕ್ಕೆ ಒಂದು ಒಳ್ಳೆಯ ಮಾತು ಬರುತ್ತದೆ ಅಂತ ನನ್ನ ಕೋಪವೂ ಕರಗಿತು.

“ಹಾಗಾದ್ರೆ ಲೆಕ್ಕ ತಪ್ಪಲಿಲ್ಲ ಕಣೇ,” ಅಂದರು. “ಈಗಲೂ ಒಂದು ದೋಸೆ ಇಬ್ಬರಿಗೆ!”

ನಾನು ಸರ್ವರನ್ನು ಕೂಗಿ ನನ್ನ ತಟ್ಟೆಗೇ ಇನ್ನೊಂದು ತರಿಸಿದೆ.