ಸ್ವೆಟರ್ ಹಾಕಿದ ಕಾಗೆ

ವಿಶ್ರಾಂತಿ ತೆಗೆದುಕೊಳ್ಳುವುದು ಒಂದು ವಿದ್ಯೆ. ಅದು ನನಗೆ ಒಲಿದಿಲ್ಲ. ಸ್ವೀಡನ್ನಿನವರಿಗೆ ಹುಟ್ಟುತ್ತಲೇ ಬಂದಿರುತ್ತದೆ. ಜುಲೈ ಬಂತೆಂದರೆ ಕಿಸ್ಟಾದ ನಮ್ಮ ಆಫೀಸಿನಲ್ಲಿ ಕಾಫಿ ಮೆಷಿನ್ನು ಮತ್ತು ನಾನು ಇಬ್ಬರೇ ಉಳಿಯುತ್ತೇವೆ. ಮಿಕ್ಕವರೆಲ್ಲ ಯಾವುದೋ ದಡದಲ್ಲಿ ನಾಲ್ಕು ವಾರ ಬಿದ್ದುಕೊಂಡು, ಏನೂ ಮಾಡದೆ ಇರುವ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿ ಬರುತ್ತಾರೆ. ಎರಡು ವರ್ಷ ಇದನ್ನು ನೋಡಿ ನೋಡಿ ಸಾಕಾದ ನನ್ನ ಹೆಂಡತಿ ಮೇಘನಾ, ಈ ಸಲ ನಾವೂ ಏನೂ ಮಾಡದೆ ಇರಲೇಬೇಕು ಎಂದು ಹಟ ಹಿಡಿದು, ಗೋಟ್‌ಲ್ಯಾಂಡ್ ದ್ವೀಪದ ಒಂದು ಬೀಚ್ ರೆಸಾರ್ಟಿನಲ್ಲಿ ನಾಲ್ಕು ದಿನಕ್ಕೆ ಮರದ ಕಾಟೇಜು ಬುಕ್ ಮಾಡಿದಳು. ಏನೂ ಮಾಡದೆ ಇರುವುದಕ್ಕೆ ನಾವು ಹಡಗಿನಲ್ಲಿ ಹೊತ್ತೊಯ್ದದ್ದು ಎರಡು ಸೂಟ್‌ಕೇಸು, ಮೂರು ಬಗೆಯ ಚಟ್ನಿಪುಡಿ ಮತ್ತು ಒಂದು ರೈಸ್ ಕುಕ್ಕರ್.

ಮೊದಲನೆಯ ದಿನ ನೀರಿಗೆ ಇಳಿದೆ. ಮೊಣಕಾಲಿನವರೆಗೆ ಹೋಗುವಷ್ಟರಲ್ಲಿ ಕಾಲು ನನ್ನದೇ ಎಂಬ ನಂಬಿಕೆ ಹೋಗಿ, ವಾಪಸು ಬಂದು ಟವೆಲ್ ಹೊದ್ದು ಕೂತೆ. ಇಲ್ಲಿ ಸೀಲ್ ಪ್ರಾಣಿಗಳು ಕಾಣಿಸುತ್ತವೆ ಎಂದು ರಿಸೆಪ್ಷನ್ನಿನ ಹುಡುಗಿ ಹೇಳಿದ್ದಳು. ಅದೃಷ್ಟಕ್ಕೆ ಅರ್ಧ ಗಂಟೆಯಲ್ಲೇ ಒಂದು ಕಂಡಿತು. ದಪ್ಪಗೆ, ಕಪ್ಪಗೆ, ನನಗಿಂತ ಚೆನ್ನಾಗಿ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. ಹನ್ನೆರಡು ಫೋಟೋ ತೆಗೆದು ಆಫೀಸಿನ ಗುಂಪಿಗೆ ಕಳಿಸಿದೆ. ಸಂಜೆಯ ಹೊತ್ತಿಗೆ ನೀರು ಸ್ವಲ್ಪ ಇಳಿದು ಅದು ಬಂಡೆ ಎಂದು ಗೊತ್ತಾಯಿತು. ಅಷ್ಟರಲ್ಲಿ ನಾನು ಅದಕ್ಕೆ ಹೆಸರೂ ಇಟ್ಟಾಗಿತ್ತು.

ಎರಡನೆಯ ದಿನ ಬೆಳಗ್ಗೆ ರೆಸಾರ್ಟಿನ ಬಫೆಯಲ್ಲಿ ಎರಡು ಮೊಟ್ಟೆ, ಮೂರು ಸಾಸೇಜು ಮುಗಿಸಿ ಕಾಟೇಜಿನ ಮುಂದೆ ಬಂದು ಮಲಗಿದ್ದೆ. ನನ್ನ ಮಾಂಸಾಹಾರ ಬೆಂಗಳೂರಿಗೆ ಗೊತ್ತಿಲ್ಲ. ಮೂರು ವರ್ಷದಿಂದ ವಿಡಿಯೋ ಕಾಲಿನಲ್ಲಿ ಕ್ಯಾಮೆರಾವನ್ನು ತಟ್ಟೆಗಿಂತ ಒಂದು ಗೇಣು ಮೇಲೆಯೇ ಹಿಡಿಯುತ್ತ ಬಂದಿದ್ದೇನೆ. ಆಗ ಅಪ್ಪನ ಕಾಲ್ ಬಂತು. ಹೇಗಿದ್ದೀಯ ಎಂದೂ ಕೇಳಲಿಲ್ಲ.

"ಲೋ, ಅಲ್ಲಿ ಕಾಗೆ ಇದ್ಯಾ?"

ಆಗ ನೆನಪಾಯಿತು, ಅವತ್ತು ತಾತನ ತಿಥಿ. ಪುರೋಹಿತರು ಮುಗಿಸಿ ಹೋಗಿ ಎರಡು ಗಂಟೆಯಾಗಿದೆ. ಅಪ್ಪ ಇರುವುದು ಹದಿಮೂರನೆಯ ಮಹಡಿಯಲ್ಲಿ. ತಾರಸಿಯ ಮೇಲೆ ಕಾಗೆಗೆ ಎಡೆ ಇಟ್ಟು ಕಾದರೆ ಪಾರಿವಾಳಗಳು ಬಂದು ತಿಂದು ಹೋಗಿವೆ, ಕಾಗೆಯ ಸುಳಿವಿಲ್ಲ. ಕಾಗೆ ಮುಟ್ಟದೆ ಅಪ್ಪ ಊಟಕ್ಕೆ ಕೂರುವವರಲ್ಲ. ಹಿಂದಿನಿಂದ ಅಮ್ಮನ ದನಿ ಕೇಳಿಸಿತು, ಬೆಳಗ್ಗೆ ಶುಗರ್ ಮಾತ್ರೆ ಬೇರೆ ನುಂಗಿದ್ದಾರೆ, ಕೈ ನಡುಗುತ್ತಿದೆ, ಒಂದು ತುಂಡು ಬೆಲ್ಲ ಕೊಟ್ಟರೂ ಬಾಯಿ ತೆರೆಯುತ್ತಿಲ್ಲ ಎಂದು.

"ಬೀಚ್ ಅಂದ್ಮೇಲೆ ಕಾಗೆ ಇರ್ಲೇಬೇಕು," ಅಂದರು ಅಪ್ಪ. "ನೀನೂ ಅದೇ ವಂಶದವನು ತಾನೆ? ಒಂದು ತುತ್ತು ಇಡು, ನಾನಿಲ್ಲಿಂದ ನೋಡ್ತೀನಿ. ಬೆಳಗ್ಗೆಯಿಂದ ಏನೂ ತಿಂದಿಲ್ಲ ತಾನೆ?"

"ಕಾಫಿ ಅಷ್ಟೇ," ಅಂದೆ, ತುಟಿಯ ಸಾಸಿವೆ ಸಾಸ್ ಒರೆಸಿಕೊಳ್ಳುತ್ತ.

ಇದನ್ನು ಯಾಕೆ ಹೊತ್ತುಕೊಂಡು ಬಂದೆ ಎಂದು ಎರಡು ದಿನದಿಂದ ನಾನು ಹಂಗಿಸುತ್ತಿದ್ದ ಕುಕ್ಕರಿನಲ್ಲಿ ಮೇಘನಾ ಅನ್ನಕ್ಕಿಟ್ಟಳು. ಎಳ್ಳಿಗೆ ಬಫೆಯ ಬನ್ನಿನ ಮೇಲಿದ್ದದ್ದನ್ನು ಚಾಕುವಿನಿಂದ ಕೆರೆದು ತಂದಳು. ನಾನು ಸ್ನಾನ ಮಾಡಿ, ಟವೆಲ್ಲನ್ನೇ ಪಂಚೆಯ ಹಾಗೆ ಸುತ್ತಿಕೊಂಡು, ಬರಿ ಮೈಯಲ್ಲಿ ಹೊರಗೆ ಬಂದೆ. ಯಾರೂ ತಿರುಗಿ ನೋಡಲಿಲ್ಲ. ಆ ದಡದಲ್ಲಿ ಅತಿ ಹೆಚ್ಚು ಬಟ್ಟೆ ಹಾಕಿದ್ದವನು ನಾನೇ.

ಪೇಪರ್ ತಟ್ಟೆಯನ್ನು ಮರಳಿನ ಮೇಲಿಟ್ಟು ಚಪ್ಪಾಳೆ ತಟ್ಟಿ "ಕಾ, ಕಾ" ಎಂದು ಕರೆದೆ. ಕಡಲಹಕ್ಕಿ ಬಂತು. ಕೋಳಿಗಿಂತ ದೊಡ್ಡದು, ಮುಖದಲ್ಲಿ ದಯೆ ದಾಕ್ಷಿಣ್ಯವಿಲ್ಲ. ಒಂದೇ ಸಲಕ್ಕೆ ತುತ್ತನ್ನು ನುಂಗಿ, ತಟ್ಟೆಯ ಅಂಚನ್ನೂ ಕಿತ್ತುಕೊಂಡು, ನನ್ನ ಬೋಳಾಗುತ್ತಿರುವ ನೆತ್ತಿಯನ್ನು ಸವರಿ ಹೋಯಿತು. ಇದು ನಡೆಯುತ್ತದಾ ಎಂದು ಫೋನಿಗೆ ಕೇಳಿದೆ. ಬಿಳೀದು ನಡೆಯಲ್ಲ, ಇನ್ನೊಂದು ತುತ್ತು ಇಡು ಎಂದು ಅಪ್ಪ ಕಣ್ಣು ಮುಚ್ಚಿಕೊಂಡರು. ದನಿ ತೆಳ್ಳಗಾಗಿತ್ತು. ಈಗ ನನಗೂ ಹೆದರಿಕೆ ಶುರುವಾಯಿತು.

ಎರಡನೆಯ ತುತ್ತನ್ನು ಇನ್ನೊಂದು ಟವೆಲ್ ಬೀಸಿ ಕಾಯುತ್ತ ನಿಂತೆ. ಅಂತೂ ಒಂದು ಕಾಗೆ ಬಂದು ಬೇಲಿಯ ಮೇಲೆ ಕೂತಿತು. ಸ್ವೀಡನ್ನಿನ ಕಾಗೆಗೆ ತಲೆ, ರೆಕ್ಕೆ ಮಾತ್ರ ಕಪ್ಪು. ಎದೆ, ಬೆನ್ನು ಎಲ್ಲ ಬೂದಿ ಬಣ್ಣ. ಮೇಘನಾ ಫೋನನ್ನು ಅದರ ಕಡೆ ತಿರುಗಿಸಿದಳು. ಅಪ್ಪ ಬಹಳ ಹೊತ್ತು ನೋಡಿದರು.

"ಏನಮ್ಮಾ ಅದು, ಸ್ವೆಟರ್ ಹಾಕ್ಕೊಂಡಿದೆ?"

"ಇಲ್ಲಿ ಕಾಗೇನೇ ಹೀಗೆ, ಮಾವ."

"ಚಳಿ ದೇಶ, ಇರ್ಲಿ ಬಿಡು," ಎಂದು ಒಪ್ಪಿಕೊಂಡರು.

ಕಾಗೆ ಮಾತ್ರ ಒಪ್ಪಲಿಲ್ಲ. ಅನ್ನವನ್ನು ನೋಡಿತು, ನನ್ನನ್ನು ನೋಡಿತು, ಕತ್ತು ಓರೆ ಮಾಡಿ ಸುಮ್ಮನೆ ಕೂತಿತು. ತಾತನಿಗೆ ಏನೋ ಬೇಜಾರಿರಬೇಕು, ಕೇಳು ಎಂದರು ಅಪ್ಪ. ಕೈ ಮುಗಿದು ನಿಂತೆ. "ಸಾಸೇಜ್ ವಿಷ್ಯ ಹೇಳ್ಬಿಡು, ಪ್ಲೀಸ್," ಎಂದು ಮೇಘನಾ ಮೈಕನ್ನು ಬೆರಳಿನಿಂದ ಮುಚ್ಚಿ ಪಿಸುಗುಟ್ಟಿದಳು. ಮನಸ್ಸಿನಲ್ಲೇ ಹೇಳಿದೆ, ಮೂರು ಅಂತ ಲೆಕ್ಕ ಸಮೇತ. ಕಾಗೆ ಹಾರಿತು. ನಮ್ಮ ತಟ್ಟೆಯನ್ನು ದಾಟಿ, ಪಕ್ಕದ ಕಾಟೇಜಿನ ಮುಂದೆ ಬ್ರೆಡ್ಡಿನ ಜೊತೆ ತಿನ್ನಲು ಬೇಯಿಸಿದ ಸೀಗಡಿಯ ಸಿಪ್ಪೆ ಸುಲಿಯುತ್ತ ಕೂತಿದ್ದ ಸ್ವೀಡಿಷ್ ಅಜ್ಜಿಯ ಬಟ್ಟಲಿಗೇ ಕೊಕ್ಕು ಹಾಕಿ, ಒಂದು ಇಡೀ ಸೀಗಡಿಯನ್ನು ಎತ್ತಿಕೊಂಡು ಬಂದು, ನಮ್ಮ ಎದುರಿಗೇ, ಕ್ಯಾಮೆರಾಕ್ಕೆ ಸರಿಯಾಗಿ ಕೂತು ತಿಂದಿತು. ಆಮೇಲೆ, ಊಟದ ಕೊನೆಗೆ ಮೊಸರನ್ನ ತಿನ್ನುವವರ ಹಾಗೆ, ನಮ್ಮ ತಟ್ಟೆಯಿಂದ ಎರಡು ಅಗುಳು ಕುಕ್ಕಿತು.

ನಾನು ಅಜ್ಜಿಯ ಹತ್ತಿರ ಓಡಿ ಕ್ಷಮೆ ಕೇಳಿದೆ. ಕಡಲಹಕ್ಕಿಗಳು ಇದಕ್ಕಿಂತ ಕೆಟ್ಟವು ಎಂದಷ್ಟೇ ಹೇಳಿ ಆಕೆ ಇನ್ನೊಂದು ಸೀಗಡಿ ಎತ್ತಿಕೊಂಡರು. ಟವೆಲ್ ಸುತ್ತಿಕೊಂಡು ಹಕ್ಕಿಗೆ ಕೈ ಮುಗಿದವನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಬಂದು ಫೋನ್ ತೆಗೆದುಕೊಂಡೆ. ಅಮ್ಮ ಸಾರು ಬಿಸಿ ಮಾಡಲು ಒಳಗೆ ಹೋಗಿದ್ದರು.

"ಏನದು ತಿಂದಿದ್ದು?"

"ಏನೋ ಕೆಂಪಗಿತ್ತು ಅಪ್ಪ. ಕ್ಯಾರೆಟ್ ಇರ್ಬೇಕು."

"ಕ್ಯಾರೆಟ್‌ಗೆ ಮೀಸೆ ಇರಲ್ಲ ಕಣೋ. ಸೀಗಡಿ ಅದು."

ಅಪ್ಪ ಅಡುಗೆಮನೆಯ ಕಡೆ ಒಮ್ಮೆ ನೋಡಿ, ಫೋನನ್ನು ಬಾಯಿಯ ಹತ್ತಿರ ತಂದುಕೊಂಡರು. ತಾತ ಕಾರವಾರದಲ್ಲಿ ಮೂರು ವರ್ಷ ಪೋಸ್ಟ್ ಆಫೀಸಿನಲ್ಲಿದ್ದರಂತೆ. ಶನಿವಾರ ಮಧ್ಯಾಹ್ನ ಲೆಕ್ಕ ನೋಡುವುದಿದೆ ಎಂದು ನಮ್ಮ ಅಜ್ಜಿಗೆ ಹೇಳಿ ಬಂದರಿನ ಒಂದು ಹೋಟೆಲಿಗೆ ಹೋಗುತ್ತಿದ್ದರಂತೆ.

"ನನ್ನನ್ನೂ ಕರ್ಕೊಂಡು ಹೋಗ್ತಿದ್ರು," ಅಂದರು ಅಪ್ಪ. "ಬಂದಿದ್ದು ಅವರೇ, ಡೌಟೇ ಇಲ್ಲ. ಅಮ್ಮಂಗೆ ಹೇಳ್ಬೇಡ. ನಾನು ಊಟಕ್ಕೆ ಕೂತ್ಕೋತೀನಿ."

ಎಲೆಯ ಮುಂದೆ ಕೂತು ಮೊದಲ ತುತ್ತು ಬಾಯಿಗಿಟ್ಟಿದ್ದನ್ನು ತೋರಿಸಿಯೇ ಫೋನ್ ಇಟ್ಟರು. ಮೇಘನಾ ಉಸ್ಸೆಂದು ಮರಳಿನ ಮೇಲೆ ಕೂತಳು. ಎಲ್ಲ ಸರಿಹೋಯ್ತಲ್ಲ, ಇನ್ನೂ ಯಾಕೆ ಮುಖ ಹಾಗಿಟ್ಕೊಂಡಿದ್ದೀಯ ಎಂದು ಕೇಳಿದಳು. ಏನೆಂದು ಹೇಳಲಿ? ಓದಿನಲ್ಲಿ ಅಣ್ಣ ಮುಂದೆ, ಸಂಬಳದಲ್ಲಿ ಭಾವ ಮುಂದೆ. ನಮ್ಮ ಮನೆತನದಲ್ಲಿ ಕೆಟ್ಟುಹೋದವರಲ್ಲಿ ಮಾತ್ರ ನಾನೇ ಮೊದಲನೆಯವನು ಎಂದು ಮೂರು ವರ್ಷದಿಂದ ಒಳಗೊಳಗೇ ಒಂದು ಹೆಮ್ಮೆ ಸಾಕಿಕೊಂಡು ಬಂದಿದ್ದೆ. ಅದರಲ್ಲೂ ಮೂರನೆಯ ಸ್ಥಾನ. ಕುಕ್ಕರಿನಲ್ಲಿ ಉಳಿದ ಅನ್ನಕ್ಕೆ ಮೊಸರು ಕಲಸಿಕೊಂಡು, ಯಾವ ವಿಶೇಷವೂ ಇಲ್ಲದ ಮೊಮ್ಮಗನ ಹಾಗೆ ಸುಮ್ಮನೆ ಊಟ ಮಾಡಿದೆ.