ಕಣ್ಣಿನ ಕಡೆಯ ನೆಂಟರು

ನಮ್ಮ ಮಾವ, ಅಂದರೆ ಅಮ್ಮನ ತಮ್ಮ, ಮನುಷ್ಯರ ಮುಖ ನೋಡಿ ಮಾತಾಡಿದ್ದು ಕಡಿಮೆ. ಮೀನುಗಳ ಕಣ್ಣಿಗೆ ಕಣ್ಣಿಟ್ಟು ಬದುಕಿದ್ದೇ ಹೆಚ್ಚು! ಬಂದರಿನ ದಕ್ಕೆಯಲ್ಲಿ ಮೀನು ಏಲಂ ಕೂಗುವುದು ಅವರ ಕಾಯಕ. ಕಣ್ಣು ಹೊಳೆದರೆ ತಾಜಾ, ಮಬ್ಬಾದರೆ ನಿನ್ನೆಯದ್ದು. ಈ ಶಾಸ್ತ್ರವನ್ನು ಅವರು ಬಂಗುಡೆಗೂ, ಬೀಗರಿಗೂ, ಮತ ಕೇಳಲು ಬಂದವರಿಗೂ ಪಕ್ಷಪಾತವಿಲ್ಲದೆ ಅನ್ವಯಿಸುತ್ತಿದ್ದರು.

ಅಂಥವರ ಎಡಗಣ್ಣು ಎಳವೆಯಲ್ಲೇ ಹೋಗಿತ್ತು. ಉಳಿದ ಬಲಗಣ್ಣಿಗೂ ಹುಣ್ಣಾಗಿ ಕಾರ್ನಿಯಾ ಎಂಬ ಗಾಜಿನಂಥ ಪದರ ಕೆಟ್ಟಾಗ, ತೀರಿಹೋದ ಯಾರೋ ಪುಣ್ಯಾತ್ಮರು ದಾನವಿತ್ತದ್ದನ್ನು ಅಲ್ಲಿ ಕೂರಿಸಿದರು. ಕೆಲವು ವರ್ಷ ಸೊಗಸಾಗಿ ನಡೆಯಿತು.

ಆಮೇಲೆ ಆ ಕಣ್ಣಿಗೆ ಮಂಜು ಇಳಿಯಿತು. ಅದರಿಂದ ಮಾವನಿಗೆ ನಷ್ಟವೇನು? ಮಣ್ಣಗುಡ್ಡದ ಬೀದಿದೀಪಗಳೆಲ್ಲ ಪ್ರಭಾವಳಿ ತೊಟ್ಟು ನಿಂತವು. ಸಿಟಿ ಬಸ್ಸುಗಳು ಹಾಲಿನಲ್ಲಿ ತೇಲುವ ದೋಣಿಗಳಾದವು. ಅಮ್ಮನಂತೂ ಮತ್ತೆ ಮದುಮಗಳಾದಳು!

"ಅಕ್ಕ, ನಿನಗೆ ವಯಸ್ಸೇ ಆಗುವುದಿಲ್ಲ ಮಾರಾಯ್ತಿ!"

"ನಾನು ಇಲ್ಲಿದ್ದೇನೆ ಮಾರಾಯ. ನೀನು ಮಾತಾಡುವುದು ಫ್ರಿಜ್ಜಿನ ಹತ್ತಿರ," ಎಂದಳು ಅಮ್ಮ.

ಮಾವ ಕನ್ನಡಿಗೆ ಮೂಗು ತಾಗಿಸಿ ತಮ್ಮ ಕಣ್ಣನ್ನು ಪರೀಕ್ಷಿಸಿ, "ನಿನ್ನೆಯ ಮೀನು," ಎಂದು ತೀರ್ಪಿತ್ತರು. ಮೇಲ್ಮನವಿಗಾಗಿ ನಾನು ಅವರನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಡಾಕ್ಟರು ಕಣ್ಣಿನ ಚಿತ್ರ ದೊಡ್ಡದು ಮಾಡಿ ನೋಡಿದರು.

"ಒಳಪದರದ ಕೋಶಗಳು ನೀರನ್ನು ಹೊರಗೆ ಹಾಕ್ತಾ ಇರಬೇಕು. ಇದರಲ್ಲಿ ಅವು ತುಂಬ ಸತ್ತಿವೆ. ನೀರು ನಿಂತು ಊದಿಕೊಂಡಿದೆ."

"ಬೋಟಿಗೆ ನೀರು ನುಗ್ಗಿದೆ, ಪಂಪ್ ಹಾಳು. ಅಷ್ಟೇ ಅಲ್ಲವಾ?"

"ಅಷ್ಟೇ. ಇನ್ನೊಂದು ಹಾಕಬಹುದು."

"ಬೇಡ ಡಾಕ್ಟ್ರೇ." ಮಾವನ ಏಲಂ ದನಿ ಮೊದಲ ಬಾರಿಗೆ ಇಳಿದಿತ್ತು. "ಸತ್ತವರು ನಂಬಿ ಕೊಟ್ಟದ್ದನ್ನು ಹಾಳು ಮಾಡಿದೆ. ಇನ್ನೊಬ್ಬರದ್ದು ಯಾವ ಮುಖದಲ್ಲಿ ಕೇಳುವುದು?"

"ನಿಮ್ಮ ತಪ್ಪು ಎಂತ ಇಲ್ಲ. ನೋಡಿ, ಅಂಚಿನಿಂದ ನಿಮ್ಮ ರಕ್ತನಾಳಗಳೂ ಅದರೊಳಗೆ ಬೆಳೆದಿವೆ."

ಏಳಹೊರಟಿದ್ದ ಮಾವ ಕುಳಿತರು. "ನನ್ನ ರಕ್ತ ಅದರಲ್ಲಿ ಹರಿಯುತ್ತಾ ಉಂಟಾ?"

"ಹೌದು. ಅದೂ ಒಂದು ತೊಂದರೆಯೇ."

"ಎಂತ ತೊಂದರೆ? ರಕ್ತ ಹರಿದರೆ ಅವರು ನಮ್ಮ ಮನೆಯವರೇ ಆದರಲ್ಲ!"

ಮನಸ್ಸು ಬದಲಾದರೆ ಫೋನ್ ಮಾಡಿ ಎಂದು ಡಾಕ್ಟರು ನಂಬರ್ ಬರೆದುಕೊಟ್ಟರು. ಇನ್ನೊಂದು ಕಾರ್ನಿಯಾ ಹಾಕಿಸಲು ಒಪ್ಪಿಗೆ ಕೊಡದೆಯೇ ಮಾವ ಮನೆಗೆ ಬಂದರು.

ಮಳೆಗಾಲದ ಆಟಿ ತಿಂಗಳಲ್ಲಿ, ತೀರಿಹೋದ ಮನೆಯವರಿಗೆ ಎಲೆ ಹಾಕಿ ಬಡಿಸುವುದು ನಮ್ಮ ಪದ್ಧತಿ. ಈ ಸಲ ಅಜ್ಜಿಯ ಎಲೆಯ ಪಕ್ಕ ಒಂದು ಎಲೆ ಹೆಚ್ಚಿಗೆ ಬಿತ್ತು. ಹೆಸರು ತಿಳಿಯದು, ಜಾತಿ ತಿಳಿಯದು. ಮೀನು ತಿನ್ನುವವರೋ ಅಲ್ಲವೋ, ಯಾರಿಗೆ ಗೊತ್ತು? ಮಾವ ಒಂದು ತುದಿಗೆ ಹುಳಿಖಾರದ ಬಂಗುಡೆ ಪುಳಿಮುಂಚಿ, ಇನ್ನೊಂದು ತುದಿಗೆ ತೊಂಡೆಕಾಯಿ ಪಲ್ಯ ಬಡಿಸಿ, ಎರಡೂ ಮುಟ್ಟದಂತೆ ನಡುವೆ ಅನ್ನದ ಗೋಡೆ ಕಟ್ಟಿದರು. ಇನ್ನು ಹೆಸರು ಹಿಡಿದು ಕರೆಯಬೇಕಲ್ಲ?

"ಕಣ್ಣಿನವರೇ, ಬನ್ನಿ. ನನಗೆ ಕೂಡಿದಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೆ."

ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು. ಸತ್ತವರು ಉಂಡೇಳುವಷ್ಟು ಹೊತ್ತು ಒಳಗೆ ಹೋಗುವಂತಿಲ್ಲ. ಮಾವನ ಮಬ್ಬುಗಣ್ಣಿನಿಂದ ನೀರು ಇಳಿಯುತ್ತಿತ್ತು. ತಡವಿ ತಡವಿ ನನ್ನ ಭುಜ ಹಿಡಿದುಕೊಂಡು ಪಿಸುಗುಟ್ಟಿದರು:

"ನಿಧಾನಕ್ಕೆ ಉಣ್ಣಲಿ. ಆಮೇಲೆ ಡಾಕ್ಟ್ರಿಗೆ ಫೋನ್ ಮಾಡು. ಇನ್ನೊಬ್ಬರು ಬರುವುದಾದರೆ... ನಮ್ಮಲ್ಲಿ ಜಾಗ ಉಂಟು ಅಂತ ಹೇಳು."